ಬಿಯರ್ ಕಂಪನಿ ಮಾರಾಟದ ಸುದ್ದಿ ಓದುವುದು ಹೇಗೆ?

ಒಂದು ಬಿಯರ್ ಕಂಪನಿ ಇನ್ನೊಂದನ್ನು ಕೊಂಡರೆ ತಲೆಬರಹದಲ್ಲಿ ಮೊತ್ತ ಬರುತ್ತದೆ. ಇಷ್ಟು ಸಾವಿರ ಕೋಟಿ ಡಾಲರ್, ಅಷ್ಟು ಸಾವಿರ ಕೋಟಿ ಪೌಂಡ್. ನನ್ನ ಪ್ರಕಾರ ಇಡೀ ಸುದ್ದಿಯಲ್ಲಿ ಅತಿ ಕಡಿಮೆ ವಿಷಯ ಹೇಳುವ ಅಂಕಿ ಅದೇ. ಕೊಂಡವರು ಏನನ್ನು ಬಿಟ್ಟುಕೊಟ್ಟರು, ಎಷ್ಟು ಸಾಲ ಹೊತ್ತರು, ಸರಕು ಅಂಗಡಿಗೆ ಹೋಗುವ ದಾರಿ ಯಾರ ಕೈಯಲ್ಲಿದೆ, ಇವನ್ನು ಹುಡುಕಬೇಕು.

ಉದಾಹರಣೆಗೆ ಈ ಉದ್ಯಮದ ಅತಿ ದೊಡ್ಡ ಖರೀದಿಯನ್ನೇ ತೆಗೆದುಕೊಳ್ಳೋಣ. 2016ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಎಬಿ ಇನ್‌ಬೆವ್, ಲಂಡನ್ನಿನ ಸ್ಯಾಬ್‌ಮಿಲ್ಲರ್ ಅನ್ನು ಸುಮಾರು 7,900 ಕೋಟಿ ಪೌಂಡ್ ಕೊಟ್ಟು ಕೊಂಡಿತು.

1. ಕೊಳ್ಳುವವರ ಹಳೇ ಚಾಳಿ ನೋಡಿ

1989ರಲ್ಲಿ ಬ್ರೆಜಿಲ್‌ನ ಮೂವರು ಹೂಡಿಕೆದಾರರು ಬ್ರಾಹ್ಮಾ ಎಂಬ ಬಿಯರ್ ಕಂಪನಿ ಹಿಡಿದರು: ಜಾರ್ಜ್ ಪೌಲೊ ಲೆಮನ್, ಮಾರ್ಸೆಲ್ ಟೆಲಿಸ್, ಕಾರ್ಲೋಸ್ ಆಲ್ಬರ್ಟೊ ಸಿಕುಪಿರಾ. ಹತ್ತು ವರ್ಷದ ನಂತರ ಬ್ರಾಹ್ಮಾ ತನ್ನ ಎದುರಾಳಿ ಅಂಟಾರ್ಕ್ಟಿಕಾ ಜೊತೆ ಸೇರಿ ಆಂಬೆವ್ ಆಯಿತು. 2004ರಲ್ಲಿ ಆಂಬೆವ್ ಬೆಲ್ಜಿಯಂನ ಇಂಟರ್‌ಬ್ರೂ ಜೊತೆ ಸೇರಿ ಇನ್‌ಬೆವ್ ಆಯಿತು. 2008ರಲ್ಲಿ ಇನ್‌ಬೆವ್ 5,200 ಕೋಟಿ ಡಾಲರ್‌ಗೆ ಬಡ್‌ವೈಸರ್ ತಯಾರಿಸುವ ಅಮೆರಿಕದ ಆನ್‌ಹೈಸರ್-ಬುಶ್ ಅನ್ನೇ ಕೊಂಡು ಎಬಿ ಇನ್‌ಬೆವ್ ಆಯಿತು.

ಪ್ರತಿ ಸಲವೂ ಪಾಠ ಒಂದೇ: ಕೊಳ್ಳು, ಖರ್ಚು ಕಡಿಮೆ ಮಾಡು, ಸಾಲ ತೀರಿಸು, ಮುಂದಿನದನ್ನು ಕೊಳ್ಳು. ಇವರ ಬಜೆಟ್ ಪದ್ಧತಿಯೇ ಬೇರೆ. ಹೋದ ವರ್ಷ ನೂರು ರೂಪಾಯಿ ಖರ್ಚಾಗಿತ್ತು, ಈ ವರ್ಷ ನೂರೈದು ಕೊಡಿ ಅಂದರೆ ನಡೆಯುವುದಿಲ್ಲ. ಪ್ರತಿ ವರ್ಷ ಸೊನ್ನೆಯಿಂದ ಶುರು. ಪ್ರವಾಸ, ಫೋನ್, ಪ್ರಿಂಟರ್, ಎಲ್ಲಕ್ಕೂ ಮ್ಯಾನೇಜರ್ ಹೊಸದಾಗಿ ಕಾರಣ ಕೊಡಬೇಕು. ಆನ್‌ಹೈಸರ್-ಬುಶ್ ಕೈಗೆ ಬಂದ ಮುಂದಿನ ತಿಂಗಳೇ ಸುಮಾರು 1,400 ಜನರ ಕೆಲಸ ಹೋಗುವ ಘೋಷಣೆ ಬಂತು. ಕೊಳ್ಳುವವರ ಈ ಇತಿಹಾಸ ಗೊತ್ತಿದ್ದರೆ ಮುಂದೇನಾಗುತ್ತದೆ ಎಂದು ಅರ್ಧ ಊಹಿಸಬಹುದು.

2. ಬ್ರ್ಯಾಂಡ್ ಪಟ್ಟಿ ಬಿಡಿ, ನಕ್ಷೆ ತೆಗೆಯಿರಿ

ಸ್ಯಾಬ್‌ಮಿಲ್ಲರ್‌ನ ಮೂಲ ಕಂಪನಿ ಸ್ಯಾಬ್ ಶುರುವಾಗಿದ್ದು 1895ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ. ಆಫ್ರಿಕಾದ ದೇಶ ದೇಶಗಳಲ್ಲಿ ಅದರ ಕಾರ್ಖಾನೆಗಳಿದ್ದವು. ಎಬಿ ಇನ್‌ಬೆವ್‌ಗೆ ಅಲ್ಲಿ ಹೆಚ್ಚು ಕಡಿಮೆ ಏನೂ ಇರಲಿಲ್ಲ. ಅಮೆರಿಕ, ಯುರೋಪಿನಲ್ಲಿ ಬಿಯರ್ ಮಾರಾಟ ಬೆಳೆಯುವುದು ನಿಂತಿತ್ತು. ಅವರು ಕೊಂಡಿದ್ದು ಮುಖ್ಯವಾಗಿ ಈ ಜಾಗವನ್ನು. ರುಚಿಯ ಮಾತೆಲ್ಲ ಜಾಹೀರಾತಿಗೆ.

3. ಮಾರುವವರಲ್ಲಿ ಯಾರಿಗೆ ಏನು ಬೇಕು?

ಸ್ಯಾಬ್‌ಮಿಲ್ಲರ್ ಒಬ್ಬರ ಸ್ವತ್ತಲ್ಲ. 2002ರಲ್ಲಿ ಫಿಲಿಪ್ ಮಾರಿಸ್ ತನ್ನ ಮಿಲ್ಲರ್ ಬಿಯರ್ ಕಂಪನಿಯನ್ನು ಸ್ಯಾಬ್‌ಗೆ ಕೊಟ್ಟು ಬದಲಿಗೆ ಷೇರು ಪಡೆದಿತ್ತು. ಅದೇ ಮುಂದೆ ಆಲ್ಟ್ರಿಯಾ ಎಂದು ಹೆಸರು ಬದಲಿಸಿಕೊಂಡ ಸಿಗರೇಟ್ ಕಂಪನಿ. 2005ರಲ್ಲಿ ಕೊಲಂಬಿಯಾದ ಸ್ಯಾಂಟೊ ಡೊಮಿಂಗೊ ಕುಟುಂಬ ತನ್ನ ಬವೇರಿಯಾ ಕಂಪನಿ ಕೊಟ್ಟು ಇದೇ ರೀತಿ ಷೇರುದಾರ ಆಯಿತು. ಇಬ್ಬರದೂ ಸೇರಿ ಸುಮಾರು ಶೇ 40ರಷ್ಟು ಪಾಲು. ಇವರಿಗೆ ನಗದು ಬೇಡ, ತೆರಿಗೆ ಬೀಳುತ್ತದೆ. ಅದಕ್ಕೇ ಅವರಿಗೊಪ್ಪುವ ಇನ್ನೊಂದು ದಾರಿ ಮಾಡಿದರು: ಸ್ವಲ್ಪ ನಗದು, ಉಳಿದದ್ದಕ್ಕೆ ಐದು ವರ್ಷ ಮಾರುವಂತಿಲ್ಲದ ಷೇರು.

ಬೆಲೆ ಹತ್ತಿದ್ದನ್ನೂ ನೋಡಿ. ಷೇರಿಗೆ 38 ಪೌಂಡ್ ಅಂದರು, 40 ಅಂದರು, ಚೌಕಾಸಿ ಮುಂದುವರಿದು 44ಕ್ಕೆ ಬಂತು. ಖರೀದಿಯ ಗಾಳಿಸುದ್ದಿ ಹಬ್ಬುವ ಮೊದಲಿನ ಬೆಲೆಗಿಂತ ಇದು ಸುಮಾರು ಶೇ 50 ಜಾಸ್ತಿ. ಆಮೇಲೆ 2016ರ ಜೂನ್‌ನಲ್ಲಿ ಬ್ರೆಕ್ಸಿಟ್ ಮತದಾನ ನಡೆದು ಪೌಂಡ್ ಕುಸಿಯಿತು. ನಗದು ತೆಗೆದುಕೊಳ್ಳುವ ಸಾಮಾನ್ಯ ಷೇರುದಾರರು ಸಿಟ್ಟಾದರು. ಇನ್ನೊಂದು ಪೌಂಡ್ ಸೇರಿಸಿ 45 ಕೊಡಬೇಕಾಯಿತು.

4. ಏನನ್ನು ಬಿಟ್ಟುಕೊಟ್ಟರು?

ಸುದ್ದಿಯ ನಿಜವಾದ ತಿರುಳು ಇಲ್ಲಿದೆ. ಯಾವ ದೇಶದ ಮಾರುಕಟ್ಟೆ ಒಬ್ಬರ ಕೈಗೆ ಹೋಗುತ್ತದೆಯೋ, ಅಲ್ಲಿಯ ಸ್ಪರ್ಧಾ ನಿಯಂತ್ರಕರು ತಡೆ ಹಾಕುತ್ತಾರೆ. ಹಾಗಾಗಿ ಕೊಳ್ಳುವ ಮೊದಲೇ ಮಾರುವ ಪಟ್ಟಿ ತಯಾರಾಗಿತ್ತು.

ಅಮೆರಿಕದಲ್ಲಿ ಮಿಲ್ಲರ್‌ಕೂರ್ಸ್ ಎಂಬ ಜಂಟಿ ಕಂಪನಿಯಲ್ಲಿ ಸ್ಯಾಬ್‌ಮಿಲ್ಲರ್‌ಗಿದ್ದ ಶೇ 58 ಪಾಲು 1,200 ಕೋಟಿ ಡಾಲರ್‌ಗೆ ಪಾಲುದಾರ ಮೋಲ್ಸನ್ ಕೂರ್ಸ್‌ಗೆ ಹೋಯಿತು. ಚೀನಾದಲ್ಲಿ, ಜಗತ್ತಿನಲ್ಲೇ ಅತಿ ಹೆಚ್ಚು ಪ್ರಮಾಣದಲ್ಲಿ ಮಾರಾಟವಾಗುವ ಸ್ನೋ ಬಿಯರ್‌ನ ಶೇ 49 ಪಾಲು ಬರೀ 160 ಕೋಟಿ ಡಾಲರ್‌ಗೆ ಪಾಲುದಾರ ಕಂಪನಿಗೇ ಹೋಯಿತು. ಬೇಗ ಮಾರಲೇಬೇಕು ಎಂದು ಎಲ್ಲರಿಗೂ ಗೊತ್ತಿದ್ದರೆ ಒಳ್ಳೆ ಬೆಲೆ ಸಿಗುವುದು ಕಷ್ಟ, ಅಲ್ವಾ? ಜಪಾನಿನ ಅಸಾಹಿ 255 ಕೋಟಿ ಯೂರೋಗೆ ಪೆರೋನಿ, ಗ್ರೋಲ್ಶ್ ಬಿಯರ್‌ಗಳನ್ನು ತೆಗೆದುಕೊಂಡಿತು. ಪಿಲ್ಸ್‌ನರ್ ಉರ್ಕ್ವೆಲ್ ಸೇರಿದಂತೆ ಪೂರ್ವ ಯುರೋಪಿನ ವ್ಯವಹಾರವನ್ನೂ 730 ಕೋಟಿ ಯೂರೋ ಕೊಟ್ಟು ಅದೇ ಕೊಂಡಿತು. ತಾನು ಹರಾಜು ಕೂಗದ ವ್ಯವಹಾರದಿಂದ ಅಸಾಹಿಗೆ ಯುರೋಪ್ ಸಿಕ್ಕಿತು. ಇಂಥ ಸುದ್ದಿ ಬಂದಾಗ ಪಕ್ಕದಲ್ಲಿ ನಿಂತು ಕಾಯುತ್ತಿರುವವರು ಯಾರು ಎಂದು ನೋಡಿ. ಲಾಭ ಎಷ್ಟೋ ಸಲ ಅವರದೇ.

5. ಸಾಲ: ಮೂರು ವರ್ಷ ಬಿಟ್ಟು ಮತ್ತೆ ನೋಡಿ

ಖರೀದಿ ಮುಗಿದಾಗ ಎಬಿ ಇನ್‌ಬೆವ್ ಮೇಲೆ 10,000 ಕೋಟಿ ಡಾಲರ್ ದಾಟಿದ ಸಾಲವಿತ್ತು. ಎರಡೂ ಕಂಪನಿ ಒಂದಾದರೆ ವರ್ಷಕ್ಕೆ 140 ಕೋಟಿ ಡಾಲರ್ ಉಳಿತಾಯ ಅಂತ ಲೆಕ್ಕ ಕೊಟ್ಟಿದ್ದರು. ಸಾಲದ ಪಕ್ಕ ಇಟ್ಟು ನೋಡಿದರೆ ಅದು ಸಣ್ಣ ಮೊತ್ತ. 2018ರ ಅಕ್ಟೋಬರ್‌ನಲ್ಲಿ ಷೇರುದಾರರಿಗೆ ಹಂಚುವ ಲಾಭ, ಅಂದರೆ ಡಿವಿಡೆಂಡ್, ಅರ್ಧಕ್ಕಿಳಿಯಿತು. 2019ರ ಜುಲೈನಲ್ಲಿ ಏಷ್ಯಾ ಘಟಕದ ಷೇರು ಹಾಂಗ್‌ಕಾಂಗ್‌ನಲ್ಲಿ ಬಿಡಲು ಹೋಗಿ ಹಿಂದೆ ಸರಿದರು. ಅದರ ಬೆನ್ನಿಗೇ ಆಸ್ಟ್ರೇಲಿಯಾ ವ್ಯವಹಾರವನ್ನು 1,600 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ಮಾರಲು ಒಪ್ಪಿದರು. ಕೊಂಡವರು ಮತ್ತೆ ಅಸಾಹಿ! ಸೆಪ್ಟೆಂಬರ್‌ನಲ್ಲಿ ಷೇರು ಬಿಡುಗಡೆ ಕೊನೆಗೂ ಆಗಿ ಸುಮಾರು 500 ಕೋಟಿ ಡಾಲರ್ ಬಂತು.

6. ಲಾರಿ ಯಾರದ್ದು?

2016ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಒಪ್ಪಿಗೆ ಕೊಡುವಾಗ ಹಾಕಿದ ಒಂದು ಷರತ್ತು ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಅಮೆರಿಕದಲ್ಲಿ ಎಬಿ ಇನ್‌ಬೆವ್ ತನ್ನ ಬಿಯರ್‌ನ ಶೇ 10ಕ್ಕಿಂತ ಹೆಚ್ಚು ಭಾಗ ತನ್ನದೇ ವಿತರಕ ಸಂಸ್ಥೆಗಳ ಮೂಲಕ ಸಾಗುವಂತೆ ಹೊಸ ವಿತರಕರನ್ನು ಕೊಳ್ಳುವ ಹಾಗಿಲ್ಲ. ಬೇರೆಯವರ ಬಿಯರ್ ಇಡಬೇಡಿ ಅಂತ ಸ್ವತಂತ್ರ ವಿತರಕರಿಗೆ ಆಸೆ ತೋರಿಸುವ ಹಾಗೂ ಇಲ್ಲ. ಸಣ್ಣ ಬ್ರೂವರಿ ಸಾಯುವುದು ರುಚಿ ಕೆಟ್ಟು ಅಲ್ಲ, ಲಾರಿಯಲ್ಲಿ ಜಾಗ ಸಿಗದೆ. ಇಲಾಖೆಗೆ ಅದು ಚೆನ್ನಾಗಿ ಗೊತ್ತಿತ್ತು.

ನಮ್ಮಲ್ಲಿ ಲೆಕ್ಕ ಬೇರೆ. ಕರ್ನಾಟಕದಲ್ಲಿ ಸಗಟು ವ್ಯಾಪಾರ ಪೂರ್ತಿ ಸರ್ಕಾರದ ಪಾನೀಯ ನಿಗಮ, ಅಂದರೆ ಕೆಎಸ್‌ಬಿಸಿಎಲ್ ಕೈಯಲ್ಲಿದೆ. ಕಂಪನಿ ಎಷ್ಟೇ ದೊಡ್ಡದಾಗಲಿ, ಕೇಸುಗಳು ನಿಗಮದ ಡಿಪೊಗೆ ಹೋಗಿ ಅಲ್ಲಿಂದಲೇ ಅಂಗಡಿಗೆ ಬರಬೇಕು. ಹಾಗಾದರೆ ಇಲ್ಲಿ ದೊಡ್ಡವರ ಆಟ ನಡೆಯುವುದಿಲ್ಲವೇ? ನಡೆಯುತ್ತದೆ.

7. ಕೊನೆಗೆ ನಮ್ಮ ಹಿತ್ತಿಲು

ಕಿಂಗ್‌ಫಿಷರ್ ತಯಾರಿಸುವ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ನಲ್ಲಿ (ಯುಬಿ) ಬ್ರಿಟನ್ನಿನ ಸ್ಕಾಟಿಷ್ ಆ್ಯಂಡ್ ನ್ಯೂಕ್ಯಾಸಲ್‌ಗೆ ಪಾಲಿತ್ತು. 2008ರಲ್ಲಿ ಆ ಬ್ರಿಟಿಷ್ ಕಂಪನಿಯನ್ನು ಡಚ್ ಕಂಪನಿ ಹೈನೆಕೆನ್ ಮತ್ತು ಡೆನ್ಮಾರ್ಕ್‌ನ ಕಾರ್ಲ್ಸ್‌ಬರ್ಗ್ ಹಂಚಿಕೊಂಡವು. ಯುಬಿ ಪಾಲು ಹೈನೆಕೆನ್‌ಗೆ ಬಂತು. 2021ರ ಜೂನ್‌ನಲ್ಲಿ, ವಿಜಯ್ ಮಲ್ಯ ಅವರ ಕಡೆಯ ಜಪ್ತಿಯಾದ ಷೇರುಗಳನ್ನು ಸಾಲ ವಸೂಲಾತಿ ನ್ಯಾಯಮಂಡಳಿ ಮೂಲಕ ಸುಮಾರು 5,825 ಕೋಟಿ ರೂಪಾಯಿಗೆ ಕೊಂಡು ಹೈನೆಕೆನ್ ಶೇ 61.5ಕ್ಕೆ ಏರಿತು. ಕಿಂಗ್‌ಫಿಷರ್ ಈಗ ಡಚ್ಚರ ಹಿಡಿತದಲ್ಲಿದೆ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ ಯುಬಿ, ಕಾರ್ಲ್ಸ್‌ಬರ್ಗ್ ಇಂಡಿಯಾ ಮತ್ತಿತರರಿಗೆ ಒಟ್ಟು 873 ಕೋಟಿ ರೂಪಾಯಿ ದಂಡ ಹಾಕಿತು. 2009ರಿಂದ 2018ರವರೆಗೆ ಕಂಪನಿಗಳು ಬೆಲೆಯ ವಿಷಯದಲ್ಲಿ ಮಾತಾಡಿಕೊಂಡಿದ್ದವು, ಬೆಂಗಳೂರಿನ ಪ್ರೀಮಿಯಂ ಸಂಸ್ಥೆಗಳಿಗೆ ಬಿಯರ್ ಪೂರೈಸುವುದರಲ್ಲೂ ಹೊಂದಾಣಿಕೆ ಮಾಡಿಕೊಂಡಿದ್ದವು ಎಂಬುದು ಆಯೋಗದ ತೀರ್ಮಾನ. ಕೂಟದಲ್ಲಿದ್ದ ಮೂರನೆಯ ಕಂಪನಿ ಸ್ಯಾಬ್‌ಮಿಲ್ಲರ್ ಇಂಡಿಯಾ. ಅದನ್ನು ಕೊಂಡ ಎಬಿ ಇನ್‌ಬೆವ್ ಒಳಗಿನ ವಿಷಯವನ್ನು 2017ರಲ್ಲಿ ತಾನೇ ಹೋಗಿ ಆಯೋಗಕ್ಕೆ ತಿಳಿಸಿತು. ಅದಕ್ಕೆ ದಂಡದಿಂದ ಪೂರ್ತಿ ವಿನಾಯಿತಿ ಸಿಕ್ಕಿತು. ಉಳಿದವರು ಮೇಲ್ಮನವಿ ಹೋದರು.