ಎಲ್‌ಎಲ್‌ಬಿ ಮಧ್ಯದಲ್ಲಿ ಕಾಲೇಜ್ ಬಿಟ್ಟು ಬೆಂಗಳೂರಿಗೆ ಹೋಗ್ಬೇಕಾ? ಹೇಗೆ ಡಿಸೈಡ್ ಮಾಡೋದು

ಫಸ್ಟ್ ಇಯರ್ ಮುಗಿಯೋ ಹೊತ್ತಿಗೆ ಯಾರಾದ್ರೂ ಒಬ್ಬ ಜೂನಿಯರ್ ಫೋನ್ ಮಾಡೇ ಮಾಡ್ತಾನೆ, ಅಣ್ಣಾ ನಮ್ಮೂರಲ್ಲಿ ಏನೂ ಇಲ್ಲ, ಬೆಂಗಳೂರಿಗೆ ಟ್ರಾನ್ಸ್‌ಫರ್ ತಗೊಳ್ಲಾ ಅಂತ. ಏನಿಲ್ಲ ಹೇಳು ಅಂದ್ರೆ ಇಂಟರ್ನ್‌ಶಿಪ್, ಹೈಕೋರ್ಟು, ಒಳ್ಳೆ ಸೀನಿಯರ್ಸ್, ಇಷ್ಟೇ ಲಿಸ್ಟು. ಇದ್ಯಾವುದಕ್ಕೂ ಕಾಲೇಜ್ ಬಿಡ್ಲೇಬೇಕು ಅಂತಿಲ್ಲ ಮಾರಾಯ್ರೆ.

ಲಾ ಕಾಲೇಜುಗಳಿಗೆ ರೂಲ್ಸ್ ಮಾಡೋ ಬಾರ್ ಕೌನ್ಸಿಲ್‌ನ 2008ರ ರೂಲ್ಸ್ ಪ್ರಕಾರ 3 ವರ್ಷದ ಕೋರ್ಸಿಗೆ 12 ವಾರ, 5 ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಆಗ್ಬೇಕು, ಆದ್ರೆ ಒಂದು ವರ್ಷದಲ್ಲಿ ಸತತವಾಗಿ 4 ವಾರಕ್ಕಿಂತ ಜಾಸ್ತಿ ಲೆಕ್ಕಕ್ಕಿಲ್ಲ. ಅಂದ್ರೆ ರಜೆಯಲ್ಲಿ ಒಂದು ತಿಂಗಳು ಬೆಂಗಳೂರಲ್ಲಿದ್ರೆ ಆ ವರ್ಷದ ಕೆಲಸ ಆಯ್ತು. ಮೊದ್ಲು ಅದನ್ನ ಮಾಡಿ. ಯಾವ್ದಾದ್ರೂ ಪಿಜಿ ಹಿಡೀರಿ, ಬೆಳಿಗ್ಗೆ ಬಸ್ಸಲ್ಲಿ ನೇತಾಡ್ಕೊಂಡು ಸಿಟಿ ಸಿವಿಲ್ ಕೋರ್ಟಿಗೆ ಹೋಗಿ, ಒಂದಿನ ಮೇಯೋ ಹಾಲ್ ಕೋರ್ಟು, ಒಂದಿನ ಹೈಕೋರ್ಟು, ಸಂಜೆ ಆಫೀಸಲ್ಲಿ ಫೈಲ್ ಜೋಡಿಸಿ, ರಾತ್ರಿ ಎಷ್ಟು ಖರ್ಚಾಯ್ತು ಅಂತ ಬರ್ಕೊಳ್ಳಿ. ತಿಂಗಳ ಕೊನೆಗೆ ಆ ಲೆಕ್ಕನ ಹತ್ತರಿಂದ ಗುಣಿಸಿ ಫೀಸು ಸೇರಿಸಿ ಮನೇಲಿ ತೋರ್ಸಿ, ಅಪ್ಪ ಏನಂತಾರೆ ನೋಡಿ.

ಇನ್ನೊಂದು, ಅಲ್ಲಿ ಹೋದ್ರೆ ದಿನಾ ಸೀನಿಯರ್ ಜೊತೆ ಕೋರ್ಟಿಗೆ ಹೋಗ್ತೀನಿ ಅನ್ನೋರು ತುಂಬಾ. ಕ್ಲಾಸು? ಪ್ರತಿ ಸಬ್ಜೆಕ್ಟಲ್ಲೂ 70% ಅಟೆಂಡೆನ್ಸ್ ಇರ್ಬೇಕು ಅಂತ ಅದೇ 2008ರ ರೂಲ್ಸ್ ಹೇಳತ್ತೆ, ವಿಶೇಷ ಕಾರಣ ಇದ್ರೆ ಮಾತ್ರ 65ರವರೆಗೆ ರಿಯಾಯಿತಿ. ಊರು ಬದಲಾದ್ರೂ ರೂಲು ಅದೇ.

ನಿಜವಾಗ್ಲೂ ಯೋಚ್ನೆ ಮಾಡ್ಬೇಕಾದ್ದು ಡಿಗ್ರಿ ಆದ್ಮೇಲೆ ಎಲ್ಲಿ ಕೂರ್ತೀರಿ ಅನ್ನೋದನ್ನ. ನಿಮ್ಮೂರಲ್ಲೇ ಸಿವಿಲ್, ಕ್ರಿಮಿನಲ್ ಪ್ರಾಕ್ಟೀಸ್ ಅಂತಿದ್ರೆ ಅಲ್ಲಿನ ಸೀನಿಯರ್‌ಗಳು, ಗುಮಾಸ್ತರು, ಕೋರ್ಟ್ ಸಿಬ್ಬಂದಿ ಈಗಿಂದಾನೇ ನಿಮ್ಮ ಮುಖ ನೋಡಿರೋದು ದೊಡ್ಡ ಆಸ್ತಿ, ಜೊತೆಗೆ ಕೆಳಗಿನ ಕೋರ್ಟಲ್ಲಿ ಕನ್ನಡದಲ್ಲಿ ದಾವೆ ಬರೆಯೋಕೆ ಬರ್ಬೇಕು. ಕಾರ್ಪೊರೇಟ್ ಫರ್ಮು ಅಥವಾ ಹೈಕೋರ್ಟು ಅಂದ್ರೆ ಬೆಂಗಳೂರು ಒಪ್ಪೋಣ, ಅಲ್ಲಿ ಇಂಗ್ಲಿಷ್ ಬೇಕೇ ಬೇಕು. ಆದ್ರೆ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆಯವ್ರು ಹೈಕೋರ್ಟಿಗೋಸ್ಕರ ಊರು ಬಿಡ್ತೀನಿ ಅಂದ್ರೆ ನಂಗೆ ಅರ್ಥ ಆಗಲ್ಲ, ಧಾರವಾಡ ಮತ್ತು ಕಲಬುರಗಿ ಪೀಠ 2008ರಲ್ಲಿ ಶುರುವಾಗಿ 2013ರಲ್ಲಿ ಪರ್ಮನೆಂಟೂ ಆಯ್ತಲ್ಲ.

ಇಷ್ಟಾದ್ಮೇಲೂ ಹೋಗ್ಬೇಕು ಅನ್ಸಿದ್ರೆ (ಮನೆಯವ್ರು ಶಿಫ್ಟ್ ಆಗ್ತಿದ್ದಾರೆ, ಕಾಲೇಜಲ್ಲಿ ಪಾಠಾನೇ ಆಗ್ತಿಲ್ಲ, ಇವೆಲ್ಲ ಸರಿಯಾದ ಕಾರಣಗಳೇ) ಯೂನಿವರ್ಸಿಟಿ ಯಾವ್ದು ನೋಡಿ. ಎರಡೂ ಕಾಲೇಜು ಹುಬ್ಬಳ್ಳಿ ನವನಗರದ ಕರ್ನಾಟಕ ರಾಜ್ಯ ಕಾನೂನು ವಿವಿ ಕೆಳಗಿದ್ರೆ ತಲೆನೋವು ಕಮ್ಮಿ, ಸಿಲಬಸ್ ಅದೇ ಇರತ್ತೆ. ಬೇರೆ ಯೂನಿವರ್ಸಿಟಿ ಅಂದ್ರೆ ಮೈಗ್ರೇಶನ್ ಸರ್ಟಿಫಿಕೇಟು, ಯಾವ ಪೇಪರ್ ಹೊಂದತ್ತೆ ಹೊಂದಲ್ಲ ಅನ್ನೋ ಪಂಚಾಯ್ತಿ, ಓದದೇ ಇರೋ ಪೇಪರ್ ಹೊಸದಾಗಿ ಬರೆಯೋದು. ನಾಗರಭಾವಿ ನ್ಯಾಷನಲ್ ಲಾ ಸ್ಕೂಲ್ ಕನಸಿದ್ರೆ ಟ್ರಾನ್ಸ್‌ಫರ್ ದಾರಿ ಮರೀರಿ, 5 ವರ್ಷದ್ದಕ್ಕೆ ಕ್ಲಾಟ್, 3 ವರ್ಷದ್ದಕ್ಕೆ ಎನ್‌ಎಲ್‌ಸ್ಯಾಟ್ ಅನ್ನೋ ಎಂಟ್ರೆನ್ಸ್ ಎಕ್ಸಾಂ ಬರೆದು ಫಸ್ಟ್ ಇಯರಿಂದಾನೇ ಶುರು ಮಾಡ್ಬೇಕು. ಡಿಗ್ರಿ ಆಗಿದೆ, 5 ವರ್ಷದ ಕೋರ್ಸಿಗೆ ಮಧ್ಯದಲ್ಲಿ ಸೇರ್ಕೊಳ್ತೀನಿ ಅನ್ನೋದೂ ಆಗಲ್ಲ, ಬಾರ್ ಕೌನ್ಸಿಲ್ ರೂಲೇ ಅಡ್ಡ.

ಬ್ಯಾಕ್‌ಲಾಗ್ (ಪಾಸಾಗದ ಪೇಪರ್) ಇದ್ರೆ ಹೊಸ ಕಾಲೇಜಿನವ್ರಿಗೆ ಮೊದ್ಲೇ ಹೇಳಿ, ಮುಚ್ಚಿಡ್ಬೇಡಿ. ಸ್ಕಾಲರ್‌ಶಿಪ್ ಬರ್ತಿದ್ರೆ ಎಸ್‌ಎಸ್‌ಪಿಯಲ್ಲಿ (ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಕಾಲೇಜ್ ಹೆಸರು ಬದಲಾಗ್ಬೇಕು, ಸರ್ಕಾರಿ ಹಾಸ್ಟೆಲಲ್ಲಿದ್ರೆ ಹೊಸ ಊರಲ್ಲಿ ಮತ್ತೆ ಅರ್ಜಿ.

ಮತ್ತೆ ಟಿಸಿ ಮಾತ್ರ ಅವಸರದಲ್ಲಿ ತಗೋಬೇಡಿ. ಹೊಸ ಕಾಲೇಜಿನವ್ರು ಸೀಟಿದೆ ಅಂತ ಬಾಯಲ್ಲಿ ಹೇಳಿದ್ರೆ ಸಾಲ್ದು, ಲೆಟರ್ ಕೈಗೆ ಬರ್ಲಿ, ಯೂನಿವರ್ಸಿಟಿ ಒಪ್ಪಿಗೆನೂ ಬರ್ಲಿ, ಆಮೇಲೆ ಹಳೇ ಕಾಲೇಜ್ ಆಫೀಸಿಗೆ ಹೋಗಿ.