ಕರೆಂಟ್ ಹೋಗಿ ಬಂದ ಮೇಲೆ ಏಳದ ವಿಸಿಆರ್

ಮಲ್ಲೇಶ್ವರದಲ್ಲಿರುವ ನಮ್ಮ ಚಿಕ್ಕಮ್ಮ ಭರತನಾಟ್ಯ ಹೇಳಿಕೊಡುತ್ತಾರೆ. ಅವರ ಮನೆಯ ಹಾಲ್‌ನಲ್ಲಿ ಟಿವಿ ಕೆಳಗೆ ವಿಡಿಯೊ ಕ್ಯಾಸೆಟ್ ಹಾಕಿ ನೋಡುವ ಒಂದು ಹಳೆಯ ವಿಸಿಆರ್ ಇದೆ. 1990ರ ಆಸುಪಾಸಿನಲ್ಲಿ ಕೊಂಡದ್ದು. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಫೋನ್ ಮಾಡಿದರು.

"ನೋಡೋ, ಸಾಯಂಕಾಲದವರೆಗೂ ಚೆನ್ನಾಗೇ ಇತ್ತು. ಏಳು ಗಂಟೆಗೆ ಕರೆಂಟ್ ಹೋಯ್ತು, ಅರ್ಧ ಗಂಟೆ ಬಿಟ್ಟು ಬಂತು. ಆವಾಗಿಂದ ಲೈಟೇ ಬರ್ತಿಲ್ಲ. ಕ್ಯಾಸೆಟ್ ಬೇರೆ ಒಳಗಡೇನೇ ಇದೆ ಕಣೋ."

ಯಾವ ಕ್ಯಾಸೆಟ್ ಅಂತ ಕೇಳುವ ಅಗತ್ಯ ಇರಲಿಲ್ಲ. 1993ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ಅವರು ಮಾಡಿದ ಕಾರ್ಯಕ್ರಮದ್ದು. ಅದರಲ್ಲಿ ನಟ್ಟುವಾಂಗ ಹಿಡಿದವರು, ಅಂದರೆ ತಾಳ ಹಾಕಿ ನೃತ್ಯ ನಡೆಸಿದವರು, ಅವರ ಗುರುಗಳು. ಈಗ ಅವರಿಲ್ಲ. ಚಿಕ್ಕಮ್ಮ ತಮ್ಮ ಶಿಷ್ಯೆಯೊಬ್ಬಳ ರಂಗಪ್ರವೇಶಕ್ಕೆ ಅದರಲ್ಲಿದ್ದ ವರ್ಣವನ್ನೇ, ಅಂದರೆ ಕಾರ್ಯಕ್ರಮದ ಮುಖ್ಯವಾದ ದೀರ್ಘ ನೃತ್ಯವನ್ನೇ, ಹಾಕಿಕೊಟ್ಟಿದ್ದರು. "ಜತಿಯ ಲೆಕ್ಕ ಪುಸ್ತಕದಲ್ಲಿ ಬರೆದಿಟ್ಟಿದ್ದೀನಿ. ಆದ್ರೆ ಮೇಷ್ಟ್ರು ತೀರ್ಮಾನದಲ್ಲಿ ಎಲ್ಲಿ ತಡೆದು ಬಿಡ್ತಾರೆ ಅನ್ನೋದನ್ನ ಬರೆಯೋಕೆ ಬರಲ್ಲ" ಅಂದರು. ಜತಿ ಅಂದರೆ ಹೆಜ್ಜೆಗೆ ಹೇಳುವ ಸೊಲ್ಲುಗಳ ಜೋಡಣೆ, ತೀರ್ಮಾನ ಅಂದರೆ ಅದರ ಮುಕ್ತಾಯ.

ಮಾರನೇ ದಿನ ಹತ್ತಿರದ ರಿಪೇರಿ ಅಂಗಡಿಗೆ ತೋರಿಸಿದರಂತೆ. ಹೈ ವೋಲ್ಟೇಜ್ ಹೊಡೆದು ಬೋರ್ಡ್ ಹೋಗಿದೆ, ಇಂಥ ಬೋರ್ಡ್ ಈಗ ಸಿಗಲ್ಲ ಅಂದರಂತೆ. ಬೋರ್ಡ್ ಸಿಗಲ್ಲ ಅನ್ನೋದು ನಿಜ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಬಿಡಿಭಾಗ ಸಿಗುತ್ತಿಲ್ಲ ಅನ್ನೋದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಆದರೆ ಹೈ ವೋಲ್ಟೇಜ್ ಹೊಡೆದಿದೆ ಅನ್ನೋದನ್ನ ನಾನು ಒಪ್ಪಲಿಲ್ಲ. ಚಿಕ್ಕಮ್ಮನ ಮೊದಲ ಮಾತಿನಲ್ಲೇ ರೋಗ ಇತ್ತು: ಕರೆಂಟ್ ಇರುವವರೆಗೆ ಚೆನ್ನಾಗಿತ್ತು, ಹೋಗಿ ಬಂದ ಮೇಲೆ ಏಳಲಿಲ್ಲ. ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ಇಪ್ಪತ್ತು ವರ್ಷ ಪವರ್ ಸಪ್ಲೈಗಳನ್ನು ನೋಡಿದವನು ನಾನು. ಈ ಮಾತು ಕೇಳಿದ ಕೂಡಲೇ ನನ್ನ ಅನುಮಾನ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಒಂದು ಚಿಕ್ಕ ಕೆಪಾಸಿಟರ್ ಮೇಲೆ ಹೋಯಿತು.

ಕಾರಣ ಹೇಳುತ್ತೇನೆ. ವಿಸಿಆರ್‌ನ ಮೋಟರು, ಹೆಡ್ಡು ಎಲ್ಲ ಕ್ಯಾಸೆಟ್ ಹಾಕಿದಾಗ ಮಾತ್ರ ಕೆಲಸ ಮಾಡುತ್ತವೆ. ಆದರೆ ಮುಂಭಾಗದ ಗಡಿಯಾರ ಓಡಬೇಕು, ರಿಮೋಟ್ ಒತ್ತಿದರೆ ಏಳಬೇಕು ಅಂದರೆ ಎಸ್‌ಎಂಪಿಎಸ್, ಅಂದರೆ ಅದರ ಪವರ್ ಸಪ್ಲೈ, ಹಗಲೂ ರಾತ್ರಿ ನಡೆಯುತ್ತಲೇ ಇರಬೇಕು. ವರ್ಷಕ್ಕೆ 8,760 ಗಂಟೆ. ಇಡೀ ಯಂತ್ರದಲ್ಲಿ ಒಂದು ದಿನವೂ ರಜೆ ಇಲ್ಲದೆ ದುಡಿಯುವ ಭಾಗ ಅದು. ಅದರೊಳಗಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳಲ್ಲಿ ಇರುವುದು ದ್ರವ. ಬಿಸಿಗೆ ಅದು ನಿಧಾನವಾಗಿ ಆರಿಹೋಗುತ್ತದೆ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುತ್ತದೆ ಅಂತ ಬರೆದ ಕೆಪಾಸಿಟರ್, ಬಿಸಿ 10 ಡಿಗ್ರಿ ಇಳಿದಂತೆಲ್ಲ ಸುಮಾರು ಎರಡರಷ್ಟು ಬಾಳುತ್ತದೆ. 65 ಡಿಗ್ರಿಯಲ್ಲಿ ಇಟ್ಟರೆ 32,000 ಗಂಟೆ. ಹೆಚ್ಚು ಕಡಿಮೆ ಮೂರೂವರೆ ವರ್ಷ. ಇದು ಅಷ್ಟು ವರ್ಷ ತಡೆದುಕೊಂಡಿತ್ತಲ್ಲ, ಅದೇ ದೊಡ್ಡದು.

ಶನಿವಾರ ಬೆಳಗ್ಗೆ ಮೀಟರ್, ಸೋಲ್ಡರಿಂಗ್ ಐರನ್, ಸೋಲ್ಡರ್ ಹೀರುವ ಸಕ್ಕರ್, 60 ವ್ಯಾಟಿನ ಸೀರೀಸ್ ಬಲ್ಬ್ ಎಲ್ಲ ಚೀಲಕ್ಕೆ ಹಾಕಿಕೊಂಡು ಹೋದೆ. ವಿಸಿಆರನ್ನು ಊಟದ ಮೇಜಿನ ಮೇಲಿಟ್ಟು ಮುಚ್ಚಳ ಬಿಚ್ಚಿದೆ. ಎಡಗಡೆ ಮೂಲೆಯಲ್ಲಿ ತಗಡಿನ ಗೂಡೊಳಗೆ ಪವರ್ ಸಪ್ಲೈ. ಫ್ಯೂಸ್ ಗಾಜಿನೊಳಗೆ ತಂತಿ ಹಾಗೇ ಇತ್ತು, ಮಸಿ ಇಲ್ಲ. ಇದು ಒಳ್ಳೆಯ ಸುದ್ದಿ. ಸಪ್ಲೈಯೊಳಗೆ ಸ್ವಿಚ್ಚಿನ ಕೆಲಸ ಮಾಡುವ ಮಾಸ್‌ಫೆಟ್ ಶಾರ್ಟ್ ಆಗಿದ್ದರೆ ಫ್ಯೂಸ್ ಕಪ್ಪಗೆ ಸಿಡಿದಿರುತ್ತಿತ್ತು.

ಇಲ್ಲಿ ಒಂದು ವಿಷಯ ಒತ್ತಿ ಹೇಳಲೇಬೇಕು. ನಮ್ಮ ಮನೆಯ 230 ವೋಲ್ಟ್ ಡಯೋಡ್ ದಾಟಿದ ಮೇಲೆ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ನಿಲ್ಲುತ್ತದೆ. ಪ್ಲಗ್ ಕಿತ್ತರೂ ಅದು ಕೂಡಲೇ ಹೋಗುವುದಿಲ್ಲ. ಸಪ್ಲೈ ನಡೆಯದೇ ನಿಂತಿದ್ದರಂತೂ ಆ ಚಾರ್ಜನ್ನು ಎಳೆದುಕೊಳ್ಳುವವರು ಯಾರೂ ಇರುವುದಿಲ್ಲ. ಸಪ್ಲೈಯನ್ನು ಎಬ್ಬಿಸುವ ಸ್ಟಾರ್ಟಿಂಗ್ ರೆಸಿಸ್ಟರ್ ಕೂಡ ಓಪನ್ ಆಗಿ ಕಡಿದುಹೋಗಿದ್ದರೆ ಅದು ಇಳಿಯಲು ದಾರಿಯೇ ಇಲ್ಲ. ಹಾಗಾಗಿ ಪ್ಲಗ್ ಕಿತ್ತ ಮೇಲೆ ಪ್ರತಿ ಸಲವೂ 2.2 ಕಿಲೋ ಓಮ್‌ನ 10 ವ್ಯಾಟ್ ರೆಸಿಸ್ಟರನ್ನು ಎರಡು ವೈರ್‌ನಲ್ಲಿ ಕಟ್ಟಿ ಅದರ ಕಾಲಿಗೆ ಒಂದೆರಡು ಸೆಕೆಂಡ್ ತಾಗಿಸಿ, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೇ ಕೈ ಹಾಕುತ್ತೇನೆ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಕೆಲಸ ಒಂಟಿಯಾಗಿಯೂ ಬೇಡ. ಚಿಕ್ಕಮ್ಮನನ್ನು ಸ್ವಿಚ್ ಹತ್ತಿರ ನಿಲ್ಲಿಸಿದ್ದೆ. ನಾನು "ಆಫ್" ಅಂದರೆ ಬೇರೇನೂ ಕೇಳದೆ ಆಫ್ ಮಾಡಬೇಕು ಅಂತ ಮೊದಲೇ ಮಾತಾಗಿತ್ತು.

ಸೀರೀಸ್ ಬಲ್ಬ್ ಮೂಲಕ ಕರೆಂಟ್ ಕೊಟ್ಟೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಉರಿಯುತ್ತಾ ಕರೆಂಟನ್ನು ತಡೆಯುತ್ತದೆ. ಬಲ್ಬ್ ಒಮ್ಮೆ ಮಿಂಚಿ ಆರಿತು. ಅಂದರೆ ದೊಡ್ಡ ಕೆಪಾಸಿಟರ್ ತುಂಬಿಕೊಂಡಿತು, ಶಾರ್ಟ್ ಇಲ್ಲ. ಕಿವಿ ಹತ್ತಿರ ತಂದರೆ ಟ್ರಾನ್ಸ್‌ಫಾರ್ಮರ್‌ನಿಂದ ಸಣ್ಣಗೆ ಟಿಕ್ ಟಿಕ್ ಟಿಕ್ ಅಂತ ಶಬ್ದ.

ಇದರಲ್ಲಿ ಸಪ್ಲೈಯನ್ನು ನಡೆಸುತ್ತಿದ್ದದ್ದು ಯುಸಿ3842 ಅನ್ನುವ ಐಸಿ. ಎಂಟು ಕಾಲು. ಏಳನೇ ಕಾಲು ಅದರ ಊಟದ ಕಾಲು, ಐದನೆಯದು ಗ್ರೌಂಡ್. ಏಳನೇ ಕಾಲಿಗೂ ಗ್ರೌಂಡಿಗೂ ಮಧ್ಯೆ ಒಂದು 47 ಎಂಎಫ್‌ಡಿ (ಮೈಕ್ರೋಫ್ಯಾರಡ್) ಕೆಪಾಸಿಟರ್. ಸ್ಟಾರ್ಟಿಂಗ್ ರೆಸಿಸ್ಟರ್ ಮೂಲಕ ಅದು ನಿಧಾನವಾಗಿ ತುಂಬುತ್ತದೆ. 16 ವೋಲ್ಟ್ ಮುಟ್ಟಿದಾಗ ಐಸಿ ಎದ್ದು ಕೆಲಸ ಶುರು ಮಾಡುತ್ತದೆ. ಆ ಕ್ಷಣದಿಂದ ಅದಕ್ಕೆ ಹಸಿವು ಜಾಸ್ತಿ. ಟ್ರಾನ್ಸ್‌ಫಾರ್ಮರ್‌ನ ಇನ್ನೊಂದು ಸುತ್ತಿನಿಂದ ಕರೆಂಟ್ ಬರುವವರೆಗೆ ಈ ಕೆಪಾಸಿಟರ್ ಕೂಡಿಟ್ಟದ್ದರಲ್ಲೇ ಅದು ಬದುಕಬೇಕು. ಕೆಪಾಸಿಟರ್ ಒಣಗಿದ್ದರೆ ಅಷ್ಟು ಹೊತ್ತು ತಡೆಯುವುದಿಲ್ಲ. ವೋಲ್ಟೇಜ್ 10ಕ್ಕೆ ಇಳಿದು ಐಸಿ ಮಲಗುತ್ತದೆ. ಮತ್ತೆ ತುಂಬುತ್ತದೆ, ಮತ್ತೆ ಏಳುತ್ತದೆ, ಮತ್ತೆ ಮಲಗುತ್ತದೆ. ಆ ಟಿಕ್ ಟಿಕ್ ಇದೇ. ಒಮ್ಮೆ ಓಡಲು ಶುರುವಾಯಿತು ಅಂದರೆ ಒಣಗಿದ್ದರೂ ಅಡ್ಡಿಯಿಲ್ಲ, ಬಿಸಿಯಲ್ಲಿ ಹೇಗೋ ನಡೆಯುತ್ತದೆ. ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಅರ್ಧ ಗಂಟೆ ಕರೆಂಟ್ ಹೋಗಿ ತಣ್ಣಗಾದಾಗ ಬಣ್ಣ ಬಯಲಾಗುತ್ತದೆ.

ಏಳಕ್ಕೂ ಐದಕ್ಕೂ ಮೀಟರ್ ಹಚ್ಚಿದೆ. ಡಿಜಿಟಲ್ ಮೀಟರ್‌ನಲ್ಲಿ ಅಂಕಿಗಳು ಸುಮ್ನೆ ಕುಣಿಯುತ್ತಿದ್ದವು, ಏನೂ ಅರ್ಥವಾಗಲಿಲ್ಲ. ನನ್ನ ಹಳೆಯ ಮುಳ್ಳಿನ ಮೀಟರ್ ಹಚ್ಚಿದಾಗ ಕಣ್ಣಿಗೆ ಕಂಡಿತು. 10ಕ್ಕೂ 16ಕ್ಕೂ ನಡುವೆ ಮುಳ್ಳು ಗಡಗಡ ನಡುಗುತ್ತಿತ್ತು. ಕೆಪಾಸಿಟರ್ ಸರಿಯಿದ್ದರೆ ನಿಧಾನವಾಗಿ ಏರಿ ಇಳಿಯಬೇಕು. ನಡುಕ ಅಷ್ಟು ವೇಗವಾಗಿದೆ ಅಂದರೆ ಅದರೊಳಗೆ ಏನೂ ಉಳಿದಿಲ್ಲ. ಅಂದ ಹಾಗೆ, ಗ್ರೌಂಡ್ ಅಂದರೆ ಇಲ್ಲಿ ಐಸಿಯ ಗ್ರೌಂಡ್, ಮೈನ್ಸ್ ಕಡೆಯದು. ವಿಸಿಆರ್‌ನ ತಗಡಿಗೆ ಮೀಟರ್‌ನ ಕಪ್ಪು ವೈರ್ ಹಚ್ಚಿ ಇದನ್ನು ಅಳೆಯಲು ಹೋದರೆ ತಪ್ಪು ಅಂಕಿ ಬರುತ್ತದೆ.

ಇನ್ನೂ ಒಂದು ಸಾಕ್ಷಿ ಬೇಕಿತ್ತು. ಅದೇ ಟಿಕ್ ಟಿಕ್ ಟ್ರಾನ್ಸ್‌ಫಾರ್ಮರ್‌ನ ಆಚೆಯ ಔಟ್‌ಪುಟ್ (ಸೆಕೆಂಡರಿ) ಕಡೆ ಯಾವುದಾದರೂ ಡಯೋಡ್ ಶಾರ್ಟ್ ಆಗಿದ್ದರೂ ಬರುತ್ತದೆ. ಆಫ್ ಮಾಡಿ, ಡಿಸ್ಚಾರ್ಜ್ ಮಾಡಿ, ಆ ಡಯೋಡ್‌ಗಳನ್ನೆಲ್ಲ ನೋಡಿದೆ, ಸರಿ ಇದ್ದವು. ಆಮೇಲೆ ಚಿಕ್ಕಮ್ಮನ ಹತ್ತಿರ ಹೇರ್ ಡ್ರೈಯರ್ ಕೇಳಿದೆ. ಪ್ಲಗ್ ಕಿತ್ತಿಟ್ಟೇ ಆ ಚಿಕ್ಕ ಕೆಪಾಸಿಟರ್‌ಗೆ ಎರಡು ನಿಮಿಷ ಬಿಸಿ ಗಾಳಿ ಕೊಟ್ಟೆ. ಡ್ರೈಯರ್ ಪಕ್ಕಕ್ಕಿಟ್ಟು "ಆನ್" ಅಂದೆ. ಟಿಕ್ ಟಿಕ್ ನಾಲ್ಕು ಸಲ ಬಂತು, ಆಮೇಲೆ ನಿಂತಿತು. ಮುಂದೆ ನೀಲಿ ಹಸಿರು ಬಣ್ಣದಲ್ಲಿ ಸೊನ್ನೆಗಳು ಮಿನುಗಿದವು. "ಬಂತು!" ಅಂತ ಚಿಕ್ಕಮ್ಮ ಕೂಗಿದರು. ಬಿಸಿಗೆ ಒಳಗಿನ ಉಳಿದ ದ್ರವ ಸ್ವಲ್ಪ ಚುರುಕಾಗುತ್ತದೆ, ಅಷ್ಟೇ. ರಿಪೇರಿ ಆಗಲಿಲ್ಲ, ರೋಗ ಖಚಿತವಾಯಿತು. ಆ ಸಂದಿಯಲ್ಲೇ ಎಜೆಕ್ಟ್ ಒತ್ತಿ ಕ್ಯಾಸೆಟ್ ಹೊರಗೆ ತೆಗೆದುಬಿಟ್ಟೆ. ಅದು ಅವರ ಕೈ ಸೇರಿದ ಮೇಲೆ ನನ್ನ ಅರ್ಧ ಭಾರ ಇಳಿಯಿತು.

ಕೆಪಾಸಿಟರ್ ಬಿಚ್ಚಿ ಅಳೆದರೆ 47 ಇರಬೇಕಾದ ಕಡೆ 6 ಎಂಎಫ್‌ಡಿ. ಅದರ ಪಕ್ಕದಲ್ಲೇ, ಒಂದು ಬೆರಳೂ ಹಿಡಿಸದಷ್ಟು ಹತ್ತಿರ, ಸ್ಟಾರ್ಟಿಂಗ್ ರೆಸಿಸ್ಟರ್. ಅದರ ಕೆಳಗೆ ಬೋರ್ಡ್ ಕಂದು ಬಣ್ಣಕ್ಕೆ ತಿರುಗಿತ್ತು. ಅಷ್ಟು ವರ್ಷ ಒಲೆಯ ಪಕ್ಕ ಕೂತಂತೆ ಕೂತಿತ್ತು ಪಾಪ.

ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರಸ್ತೆಗೆ ನಡೆದೆ. ಬೆಂಗಳೂರಿನಲ್ಲಿ ಬಿಡಿಭಾಗ ಅಂದರೆ ನನ್ನ ಕಾಲು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಅಂಗಡಿಯ ಹುಡುಗ "ಮಾಮೂಲಿದಾ ಸಾರ್, 105 ಡಿಗ್ರಿದಾ?" ಅಂತ ತಾನೇ ಕೇಳಿದ. ಖುಷಿಯಾಯಿತು. 105 ಡಿಗ್ರಿಯದೇ ತಗೊಂಡೆ, 25 ವೋಲ್ಟ್ ಬದಲು 50 ವೋಲ್ಟಿನದು. ವೋಲ್ಟೇಜ್ ಜಾಸ್ತಿ ಇದ್ದರೆ ತೊಂದರೆಯಿಲ್ಲ, ಕಡಿಮೆ ಮಾತ್ರ ಇರಬಾರದು. ಆ ಸಪ್ಲೈಯಲ್ಲಿದ್ದ ಉಳಿದ ಚಿಕ್ಕ ಕೆಪಾಸಿಟರ್‌ಗಳಿಗೂ ಒಂದೊಂದು ಜೊತೆ ಕೊಂಡೆ.

ಹೊಸದನ್ನು ಹಾಕಿದೆ. ಪ್ಲಸ್ ಮೈನಸ್ ಎರಡು ಸಲ ನೋಡಿದೆ. ರೆಸಿಸ್ಟರ್‌ನಿಂದ ಸ್ವಲ್ಪ ದೂರ ಬಾಗಿಸಿ ಕೂರಿಸಿದೆ. ಒಂದೇ ಏಟಿಗೆ ಎದ್ದಿತು.

ಆದರೆ ಚಿತ್ರದ ಮೇಲೆ ಸಣ್ಣ ಓರೆ ಗೆರೆಗಳು, ಮೀನಿನ ಮುಳ್ಳಿನ ಹಾಗೆ. ಮೊದಲು ಹೆಡ್ ಕೊಳೆಯಾಗಿದೆ ಅಂದುಕೊಂಡು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆ. ಪರೀಕ್ಷೆಗೆ ಬೇರೆ ಹಳೆಯ ಕ್ಯಾಸೆಟ್ ಹಾಕಿದೆ, ಕಲಾಕ್ಷೇತ್ರದ್ದನ್ನು ಹಾಕುವ ಧೈರ್ಯ ಬರಲಿಲ್ಲ. ಗೆರೆ ಹೋಗಲಿಲ್ಲ. ಅರ್ಧ ದಿನ ಇದರಲ್ಲೇ ಕಳೆಯಿತು. ಕೊನೆಗೆ 12 ವೋಲ್ಟ್ ಲೈನಿನ 1,000 ಎಂಎಫ್‌ಡಿ ಕೆಪಾಸಿಟರ್ ಬಿಚ್ಚಿದೆ. ಅಳೆದರೆ 870. ಯಾರೇ ನೋಡಿದರೂ ಚೆನ್ನಾಗಿದೆ ಅಂತಾರೆ. ಆದರೆ ಒಳಗಿನ ತಡೆ ಅಳೆಯುವ ಇಎಸ್‌ಆರ್ ಮೀಟರ್‌ಗೆ ಹಚ್ಚಿದರೆ 2 ಓಮ್‌ಗಿಂತ ಜಾಸ್ತಿ. ಇಷ್ಟು ದೊಡ್ಡ ಕೆಪಾಸಿಟರ್‌ನಲ್ಲಿ ಅದು ಒಂದು ಓಮ್‌ನ ಸಣ್ಣ ಭಾಗ ಇರಬೇಕು. ಒಳಗಿನ ತಡೆ ಏರಿದ್ದರಿಂದ ಸಪ್ಲೈಯ ಗಲಾಟೆಯೆಲ್ಲ ಚಿತ್ರದವರೆಗೆ ಹರಿದು ಬಂದಿತ್ತು. ಎಂಎಫ್‌ಡಿ ಒಂದನ್ನೇ ಅಳೆದು ಕೆಪಾಸಿಟರ್‌ಗೆ ಸರ್ಟಿಫಿಕೇಟ್ ಕೊಡುವುದನ್ನು ನಾನು ಅವತ್ತೇ ಬಿಟ್ಟೆ. ಎಲ್ಲ ಚಿಕ್ಕ ಕೆಪಾಸಿಟರ್‌ಗಳನ್ನೂ ಬದಲಾಯಿಸಿದೆ. ಗೆರೆಗಳು ಹೋದವು.

ಸಂಜೆ ಆರಕ್ಕೆ ಕಲಾಕ್ಷೇತ್ರದ ಕ್ಯಾಸೆಟ್ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ಟೇಪಿನ ಅಂಚಲ್ಲಿ ಬೂಷ್ಟು ಇಲ್ಲ ಅಂತ ನೋಡಿಕೊಂಡು ಹಾಕಿದೆ. ವೇದಿಕೆ ಬಂತು. ಬಲಗಡೆ ಕೂತ ಗುರುಗಳ ಕೈಯಲ್ಲಿ ತಾಳ ಮಿನುಗಿತು. ಚಿಕ್ಕಮ್ಮ ನೆಲದ ಮೇಲೆ ಕೂತು ತೊಡೆ ಮೇಲೆ ಬೆರಳು ಮಡಚುತ್ತಾ ಎಣಿಸತೊಡಗಿದರು. ತೀರ್ಮಾನ ಹತ್ತಿರ ಬರುತ್ತಿತ್ತು. ನನಗೆ ಒಂದು ಪರೀಕ್ಷೆ ಬಾಕಿ ಇತ್ತು. ಆ ಭಾಗ ಮುಗಿಯುವವರೆಗೆ ಕಾದು, ಸ್ಟಾಪ್ ಒತ್ತಿ, ಪ್ಲಗ್ ಕಿತ್ತೆ.

"ಏಯ್, ಯಾಕೋ ತೆಗೆದೆ?"

"ತಣ್ಣಗಾಗ್ಲಿ ಚಿಕ್ಕಮ್ಮ, ಅರ್ಧ ಗಂಟೆ."

ಕಾಫಿ ಕುಡಿದೆವು. ಏಳು ಗಂಟೆಗೆ ಪ್ಲಗ್ ಹಾಕಿದೆ. ಸೊನ್ನೆಗಳು ತಕ್ಷಣ ಬಂದವು. ಚಿಕ್ಕಮ್ಮ ನನ್ನ ಕೈಯಿಂದ ರಿಮೋಟ್ ಕಸಿದುಕೊಂಡು ಅದೇ ಜತಿಗೆ ಹಿಂದಕ್ಕೆ ತಿರುಗಿಸಿದರು.