ಯಂಕಪ್ಪ, ವೆಂಕಪ್ಪ ಒಬ್ಬರೇನಾ? ಹೆಸರು ಹೊಂದಿಸಿದ ನನ್ನ ಅನುಭವ

ಬಾಗಲಕೋಟೆ ಕಡೆಯ ಒಂದು ಹಳ್ಳಿಯ ಹಾಲಿನ ಸಂಘ. ಸದಸ್ಯರ ಪಟ್ಟಿ ಒಂದು, ಹಾಲಿನ ದುಡ್ಡು ಜಮಾ ಆಗುವ ಖಾತೆಗಳ ಪಟ್ಟಿ ಇನ್ನೊಂದು. ಎರಡರಲ್ಲೂ ಹೆಸರು ಕನ್ನಡದಲ್ಲೂ ಇತ್ತು, ಇಂಗ್ಲಿಷ್‌ನಲ್ಲೂ ಇತ್ತು. ಆದರೆ ಒಂದಕ್ಕೊಂದು ತಾಳೆ ಆಗುತ್ತಿರಲಿಲ್ಲ. ಒಂದರಲ್ಲಿ ಹನುಮಂತ, ಇನ್ನೊಂದರಲ್ಲಿ ಹಣಮಂತ. ಇದೇ ಕಾರಣಕ್ಕೆ ಕೆಲವರ ಬೋನಸ್ ನಿಂತುಹೋಗಿತ್ತು. ಒಂದೇ ಎಮ್ಮೆ ನೆಚ್ಚಿಕೊಂಡಿದ್ದ ಒಬ್ಬ ಅಜ್ಜಿಯದೂ ಅದರಲ್ಲಿತ್ತು. ಹೊಂದಿಸಿಕೊಡುತ್ತೇನೆ ಅಂತ ಒಪ್ಪಿಕೊಂಡೆ.

ಮೊದಲು ಇಂಗ್ಲಿಷ್ ಹೆಸರುಗಳ ಮೇಲೆ ಸೌಂಡೆಕ್ಸ್ ಓಡಿಸಿದೆ. ಒಂದೇ ಥರ ಕೇಳಿಸುವ ಹೆಸರುಗಳಿಗೆ ಒಂದೇ ಸಂಕೇತ ಕೊಡುವ ಹಳೇ ವಿಧಾನ ಇದು. ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಹೆಸರಿನ ಮೊದಲ ಅಕ್ಷರ ಹಾಗೇ ಉಳಿಯುತ್ತದೆ. ಆಮೇಲೆ ಬರುವ ಹೆಚ್ಚಿನ ವ್ಯಂಜನಗಳಿಗೆ 1ರಿಂದ 6ರವರೆಗೆ ಅಂಕಿ. ಸ್ವರಗಳಿಗೆ ಲೆಕ್ಕವಿಲ್ಲ. ಎಕ್ಸ್ ಹಾಕಿ ಬರೆದ ಲಕ್ಷ್ಮಿಗೂ ಕೆಎಸ್‌ಎಚ್ ಹಾಕಿ ಬರೆದ ಲಕ್ಷ್ಮಿಗೂ ಎಲ್250 ಅಂತ ಒಂದೇ ಸಂಕೇತ ಬಂತು. ಖುಷಿಯಾಯಿತು. ಮುಂದೆ ನೋಡಿದರೆ ಬಸಪ್ಪನೂ ಬಿ210, ಬಸವ್ವನೂ ಬಿ210! ಪಿ ಮತ್ತು ವಿ ಎರಡಕ್ಕೂ ಅಲ್ಲಿ 1 ಅಂತಲೇ ಅಂಕಿ. ಗಂಡಸು ಹೆಂಗಸು ಎರಡೂ ಒಂದೇ ಆಗಿಬಿಟ್ಟರೆ ಹೇಗೆ? ಇತ್ತ ವೆಂಕಪ್ಪ, ಯಂಕಪ್ಪ ಮಾತ್ರ ಎಂದೂ ಸೇರಲೇ ಇಲ್ಲ. ಮೊದಲ ಅಕ್ಷರವೇ ಬೇರೆ ಅಲ್ವಾ?

ಹಾಗಾಗಿ ಇಂಗ್ಲಿಷ್ ಬಿಟ್ಟು ಕನ್ನಡ ಹೆಸರುಗಳಿಗೆ ಬಂದೆ. ಸೋವಿಯತ್ ಗಣಿತಜ್ಞ ಲೆವೆನ್‌ಷ್ಟೈನ್ 1965ರಲ್ಲಿ ಹೇಳಿದ ಅಂತರದ ಲೆಕ್ಕ ಹಾಕಿದೆ. ಒಂದು ಪದವನ್ನು ಇನ್ನೊಂದಾಗಿ ಮಾಡಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಅನ್ನುವ ಎಣಿಕೆ ಅದು. ಮಲ್ಲಪ್ಪ, ಕಲ್ಲಪ್ಪ ನಡುವೆ ಅಂತರ 1. ವೆಂಕಪ್ಪ, ಯಂಕಪ್ಪ ನಡುವೆ 2: ವ ಹೋಗಿ ಯ ಬರಬೇಕು, ಎತ್ವ ಬಿಡಬೇಕು. ಸಂಘದ ಕಾರ್ಯದರ್ಶಿಗೆ ತೋರಿಸಿದೆ. "ಉಲ್ಟಾ ಆಗೇತಲ್ರೀ ಸರ. ಯಂಕಪ್ಪ ಅಂದ್ರ ವೆಂಕಪ್ಪನ. ಮಲ್ಲಪ್ಪ, ಕಲ್ಲಪ್ಪ ಅಣ್ಣತಮ್ಮರು" ಅಂದರು.

ಅವತ್ತಿನಿಂದ ನಾನು ಅವರ ಪಕ್ಕದಲ್ಲೇ ಕೂತೆ. ಅವರು ಹೆಸರು ಜೋರಾಗಿ ಓದುವುದು, ನಾನು ನಿಯಮ ಬರೆದುಕೊಳ್ಳುವುದು. ಮಹಾಪ್ರಾಣ ಬಂದರೆ ಅಲ್ಪಪ್ರಾಣ ಮಾಡು: ಭೀಮಪ್ಪ, ಬೀಮಪ್ಪ ಒಂದೇ. ಶ, ಷ ಎರಡನ್ನೂ ಸ ಮಾಡು. ಹಣಮಂತನಿಗಾಗಿ ಣ ಇದ್ದಲ್ಲಿ ನ. ಕ್ಕ, ಲ್ಲ ಥರ ಅದೇ ಅಕ್ಷರದ ಒತ್ತು ಬಿಡು. ಮೊದಲಲ್ಲಿ ವೆ, ಯ, ಯೆ, ಎ ಯಾವುದಿದ್ದರೂ ಎ. ನಡುವಿನ ಸ್ವರ ಬಿಡು, ಆಗ ಫಕೀರಪ್ಪ, ಫಕ್ಕೀರಪ್ಪ, ಪಕ್ಕೀರಪ್ಪ ಮೂರೂ ಕೂಡುತ್ತವೆ. ದುರ್ಗಪ್ಪ, ದುರಗಪ್ಪ ಕೂಡ. ಮೊದಲಕ್ಷರದ ಸ್ವರವನ್ನು ಮಾತ್ರ ಬಿಡಬಾರದು. ಬಿಟ್ಟರೆ ಭೀಮಪ್ಪ, ಬೊಮ್ಮಪ್ಪ ಒಂದಾಗಿಬಿಡುತ್ತಾರೆ. ಲ, ಳ ಎರಡನ್ನೂ ಬೇರೆಯಾಗಿಯೇ ಇಟ್ಟೆ, ಅಲ್ಲಿಯವರು ಅವನ್ನು ಕಲಸುವುದಿಲ್ಲ. ನಿಮ್ಮೂರಲ್ಲಿ ಕಲಸುತ್ತಾರೆ ಅಂದರೆ ನಿಮ್ಮ ನಿಯಮ ಬೇರೆ ಇರಬೇಕು. ಹೆಸರಿನ ಕೊನೆಯ ಅಪ್ಪ, ಅವ್ವ ಎರಡನ್ನೂ ಮೊದಲೇ ಕತ್ತರಿಸಿ ಬೇರೆ ಕಾಲಂನಲ್ಲಿ ಇಟ್ಟೆ. ಅವ್ವ, ಅಮ್ಮ ಒಂದೇ ಅಂತ ಎಣಿಸಿದೆ, ಯಲ್ಲವ್ವ ಒಂದು ಪಟ್ಟಿಯಲ್ಲಿ ಯಲ್ಲಮ್ಮ ಆಗಿದ್ದರು. ಬಸಪ್ಪ, ಬಸವ್ವರ ಗೊಂದಲ ಅಲ್ಲಿಗೆ ಮುಗಿಯಿತು.

ಇಷ್ಟಾದರೂ ಒಂದು ಗೋವಿಂದಪ್ಪ ಇನ್ನೊಂದು ಗೋವಿಂದಪ್ಪಕ್ಕೆ ಹೊಂದಲಿಲ್ಲ. ಕಣ್ಣಿಗೆ ಒಂದೇ ಥರ ಕಾಣುತ್ತಿತ್ತು. ಅರ್ಧ ದಿನ ಹೋಯಿತು. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 'ಗೋ' ಅಕ್ಷರದ ಓತ್ವವನ್ನು ಒಂದೇ ಚಿಹ್ನೆಯಾಗಿ ಇಡಬಹುದು, ಎತ್ವ, ಊತ್ವ, ದೀರ್ಘ ಅಂತ ಮೂರು ತುಂಡಾಗಿಯೂ ಇಡಬಹುದು. ಯಂತ್ರಕ್ಕೆ ಅವೆರಡೂ ಬೇರೆ. ಎಲ್ಲ ಹೆಸರನ್ನೂ ಮೊದಲು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳನ್ನು ಕೂಡಿಸಿ ಒಂದೇ ಚಿಹ್ನೆ ಮಾಡುವ ರೂಪಕ್ಕೆ, ತರಬೇಕಿತ್ತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೇ ಸಾಲಿನ ಕೆಲಸ. ಅಕ್ಷರಗಳ ನಡುವೆ ಕಾಣದಂತೆ ಕೂತಿರುವ ಜೋಡಕ, ಬೇರ್ಪಡಕ ಚಿಹ್ನೆಗಳನ್ನೂ ಆಗಲೇ ತೆಗೆದುಬಿಡಿ. ಈ ಕೆಲಸ ಮೊದಲು, ಉಳಿದದ್ದೆಲ್ಲ ಆಮೇಲೆ.

ಹೊಂದಿದ ಜೋಡಿಗಳನ್ನು ನಾನೇ ಒಪ್ಪಿಕೊಳ್ಳಲಿಲ್ಲ. ತಂದೆಯ ಹೆಸರು, ಅಡ್ಡಹೆಸರು ಜೊತೆಗಿಟ್ಟು ಮುದ್ರಿಸಿ ಕೊಟ್ಟೆ. ಕಾರ್ಯದರ್ಶಿ ಕೆಂಪು ಪೆನ್ನು ಹಿಡಿದು ಸಾಲು ಸಾಲಾಗಿ ಗುರುತು ಹಾಕಿದರು. ಅಜ್ಜಿಯ ಹೆಸರು ಎರಡನೇ ಹಾಳೆಯಲ್ಲೇ ಸಿಕ್ಕಿತು.

ಕೊನೆಯ ಹಾಳೆಯಲ್ಲಿ ಒಂದು ಜೋಡಿಯನ್ನು ಅವರು ಹೊಡೆದು ಹಾಕಿದರು. ಭೀಮಪ್ಪ, ತಂದೆ ಯಲ್ಲಪ್ಪ. ಎರಡೂ ಕಡೆ ಅದೇ ಹೆಸರು, ಅದೇ ತಂದೆ, ಅದೇ ಅಡ್ಡಹೆಸರು. ಒಂದು ಕಾಗುಣಿತವೂ ಬೇರೆ ಇಲ್ಲ. "ಇದು ಹೆಂಗ ತಪ್ಪು?" ಅಂತ ಕೇಳಿದೆ. "ಒಬ್ಬ ಅಜ್ಜ, ಒಬ್ಬ ಮೊಮ್ಮಗ ರೀ" ಅಂದರು. ಅಜ್ಜನ ತಂದೆ ಯಲ್ಲಪ್ಪ, ಅಜ್ಜನ ಮಗನೂ ಯಲ್ಲಪ್ಪ. ಅವತ್ತು ಸಂಜೆಯೇ ಹುಟ್ಟಿದ ವರ್ಷಕ್ಕೆ ಒಂದು ಕಾಲಂ ಸೇರಿಸಿ, ಇಡೀ ಪಟ್ಟಿಯನ್ನು ಇನ್ನೊಮ್ಮೆ ಓಡಿಸಿದೆ.